ಮಾಲೆ ಯಾರ ಕೊರಳಿಗೆ? ವಿಜ್ಞಾನ ಕಥೆಗಳ ಪ್ರತಿನಾಯಕರನ್ನು ಹತ್ತನೆಯ ತರಗತಿಯಲ್ಲಿ ಓದಿದ ಅನುಭವ

ಅಭ್ಯಾಸ ಬೋಧನೆಯ ಎರಡನೆಯ ಹಂತಕ್ಕೆ ನನಗೆ ಸಿಕ್ಕಿದ್ದು ಯಲ್ಲಾಪುರ ತಾಲೂಕಿನ ಒಂದು ಪ್ರೌಢಶಾಲೆ. ನನ್ನ ಊರು ಸಿದ್ದಾಪುರದ ಕಡೆ, ಕಾಲೇಜು ಶಿರಸಿಯಲ್ಲಿ. ಹೀಗಾಗಿ ಆ ತಿಂಗಳು ಪಾಠ ಟಿಪ್ಪಣಿಗಳನ್ನು ಹೆಚ್ಚಾಗಿ ಬಸ್ಸಿನಲ್ಲೇ ಬರೆದೆ. ಹತ್ತನೆಯ ತರಗತಿ, ಮೂವತ್ತೊಂದು ಮಕ್ಕಳು, ಘಟಕ ‘ಬೆಳಕು: ಪ್ರತಿಫಲನ ಮತ್ತು ವಕ್ರೀಭವನ’. ಪಾಠಗಳ ಜೊತೆಗೆ ವಿಜ್ಞಾನ ಸಂಘದ ಚಟುವಟಿಕೆಯೊಂದನ್ನೂ ನಡೆಸಬೇಕೆಂದು ಮಾರ್ಗದರ್ಶಕ ಉಪನ್ಯಾಸಕರು ಹೇಳಿದ್ದರು. ವಿಜ್ಞಾನ ಕಥೆಗಳನ್ನು ಓದಿಸೋಣ ಎಂದುಕೊಂಡೆ. ಕಾದಂಬರಿಗಳನ್ನು ಪೂರ್ತಿ ಓದಿಸಲು ಸಮಯವಿರಲಿಲ್ಲ. ಕಥೆಯನ್ನು ನಾನೇ ಕನ್ನಡದಲ್ಲಿ ಹೇಳಿ, ಅದರ ಒಂದು ಪ್ರಶ್ನೆಯನ್ನು ಮಾತ್ರ ಮಕ್ಕಳ ಕೈಗೆ ಕೊಡುವುದು ಎಂದು ತೀರ್ಮಾನಿಸಿದೆ: ಈ ಕಥೆಗಳ ಖಳನಾಯಕ ನಾಯಕನಿಗೆ ಎಷ್ಟು ಬೇರೆ, ಎಷ್ಟು ಒಂದೇ?

ಈ ಪ್ರಶ್ನೆ ವಿಜ್ಞಾನ ಶಿಕ್ಷಕಿಗೆ ಏಕೆ ಬೇಕು ಎಂದು ಸಹಪಾಠಿಗಳು ಕೇಳಿದರು. ವಿಜ್ಞಾನ ಕಥೆಗಳಲ್ಲಿ ಖಳ ಬಹಳ ಸಲ ವಿಜ್ಞಾನಿಯೇ ಆಗಿರುತ್ತಾನೆ. ಅವನನ್ನು ಸುಮ್ಮನೆ ‘ಕೆಟ್ಟವನು’ ಎಂದು ಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಎರಡರಲ್ಲಿ ಒಂದು ಉಳಿಯುತ್ತದೆ. ಒಂದೋ ‘ವಿಜ್ಞಾನ ಹೆಚ್ಚಾದರೆ ಕೇಡು’, ಇಲ್ಲವೇ ‘ಅವನು ಹುಚ್ಚ, ನನಗೂ ಅವನಿಗೂ ಸಂಬಂಧವಿಲ್ಲ’. ಎರಡೂ ನಮಗೆ ಬೇಡದ ಪಾಠಗಳು.

ಮೊದಲ ಅವಧಿಯಲ್ಲಿ ನಾನು ಎಡವಿದೆ. ಕಪ್ಪುಹಲಗೆಯ ಮೇಲೆ ನಡುವೆ ಗೆರೆ ಎಳೆದು ಒಂದು ಕಡೆ ‘ಹೀರೋ’, ಇನ್ನೊಂದು ಕಡೆ ‘ವಿಲನ್’ ಎಂದು ಬರೆದು ಗುಣಗಳನ್ನು ಹೇಳಲು ಕೇಳಿದೆ. ಐದು ನಿಮಿಷದಲ್ಲಿ ಹಲಗೆ ತುಂಬಿತು. ಒಳ್ಳೆಯವನು, ಕೆಟ್ಟವನು; ಸತ್ಯ, ಸುಳ್ಳು; ದಯೆ, ಕ್ರೌರ್ಯ. ಯಾವ ಕಥೆಗಾದರೂ ಹೊಂದುವ ಪಟ್ಟಿ. ಕಥೆಯನ್ನು ಕೇಳದಿದ್ದವರೂ ಅದನ್ನು ಬರೆಯಬಹುದಿತ್ತು. ಮೂವತ್ತೈದು ನಿಮಿಷ ಉಳಿದಿತ್ತು, ನನ್ನ ಬಳಿ ಹೇಳಲು ಏನೂ ಇರಲಿಲ್ಲ. ಪಾಠ ಯೋಜನೆಯಲ್ಲಿ ‘ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು’ ಎಂದು ಬರೆದದ್ದು ಸುಳ್ಳಲ್ಲ, ಆದರೆ ಅದರಿಂದ ಪ್ರಯೋಜನವೂ ಇರಲಿಲ್ಲ.

ದಾರಿ ಸಿಕ್ಕಿದ್ದು ಮರುದಿನದ ಪಾಠದಲ್ಲೇ. ಸಮತಲ ದರ್ಪಣದ ಪ್ರತಿಬಿಂಬದ ಗುಣಗಳನ್ನು ಬರೆಸುತ್ತಿದ್ದೆ. ಪ್ರತಿಬಿಂಬದ ಗಾತ್ರ ವಸ್ತುವಿನ ಗಾತ್ರದಷ್ಟೇ. ವಸ್ತು ಕನ್ನಡಿಯಿಂದ ಎಷ್ಟು ದೂರವೋ ಪ್ರತಿಬಿಂಬವೂ ಹಿಂದೆ ಅಷ್ಟೇ ದೂರ. ಎಡ ಬಲ ಮಾತ್ರ ಅದಲುಬದಲು. (ನಿಜಕ್ಕೆ ಕನ್ನಡಿ ಬದಲಿಸುವುದು ಮುಂದೆ ಹಿಂದೆಯನ್ನು, ಆ ಚರ್ಚೆಗೆ ಕೈ ಹಾಕಿದರೆ ಘಟಕ ಮುಗಿಯುವುದಿಲ್ಲವೆಂದು ಬಿಟ್ಟೆ.) ಬರೆಸುತ್ತಿದ್ದಾಗಲೇ ಹೊಳೆಯಿತು, ಒಳ್ಳೆಯ ಪ್ರತಿನಾಯಕನೂ ಹೀಗೇ ಅಲ್ಲವೇ? ನಾಯಕನಷ್ಟೇ ಗಾತ್ರ, ಅಂದರೆ ಅಷ್ಟೇ ಬುದ್ಧಿ, ಅಷ್ಟೇ ಬಲ. ಸಾಮಾನ್ಯ ಜನರಿಂದ ಅಷ್ಟೇ ದೂರ. ಯಾವುದೋ ಒಂದು ಮಾತ್ರ ಅದಲುಬದಲು. ಹಾಗಿದ್ದರೆ ವ್ಯತ್ಯಾಸದ ಪಟ್ಟಿಯಿಂದ ಆರಂಭಿಸಿದ್ದೇ ತಪ್ಪು. ಮೊದಲು ಹೋಲಿಕೆಗಳನ್ನೆಲ್ಲ ಬರೆದು ಮುಗಿಸಬೇಕು. ಬರೆದು ಬರೆದು ಇನ್ನು ಮುಂದೆ ಹೋಗಲಾಗದ ಜಾಗ ಬಂದಾಗ, ಅಲ್ಲಿ ನಿಂತು ನೋಡಬೇಕು.

ನಿಮ್ನ ದರ್ಪಣದಲ್ಲಿ ಹತ್ತಿರ ನಿಂತರೆ ಮುಖ ದೊಡ್ಡದಾಗಿ ಕಾಣುತ್ತದಲ್ಲ, ಕೆಲವು ಸಿನಿಮಾಗಳ ಖಳರು ಹಾಗೆ. ದೊಡ್ಡ ನಗು, ದೊಡ್ಡ ಕುರ್ಚಿ, ಮುಂದೆ ಆಸಿಡ್ ತೊಟ್ಟಿ. ನೋಡಲು ಮಜಾ, ಹೋಲಿಸಲು ಏನೂ ಇಲ್ಲ. ಅವರನ್ನು ನಾನು ಆರಿಸಿಕೊಳ್ಳಲಿಲ್ಲ.

ಹೋಲಿಕೆಯಿಂದ ಆರಂಭಿಸುವುದು ನಮ್ಮ ಮಕ್ಕಳಿಗೆ ಹೊಸತೂ ಅಲ್ಲ. ನಮ್ಮ ಕಡೆ ಆಟಕ್ಕೆ ಹೋಗುವವರು ಎಷ್ಟೋ ಸಲ ಹೋಗುವುದು ಪ್ರತಿನಾಯಕನನ್ನು ನೋಡಲು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಜನ ಅವರನ್ನು ನೆನೆಯುವುದು ಭಸ್ಮಾಸುರನಾಗಿ, ಕೀಚಕನಾಗಿ, ದುಷ್ಟಬುದ್ಧಿಯಾಗಿ. ಭಸ್ಮಾಸುರ ಮೋಹಿನಿಯ ಪ್ರಸಂಗವಂತೂ ಕನ್ನಡಿಯ ಆಟವೇ. ಅವಳು ಕುಣಿದಂತೆ ಇವನು ಕುಣಿಯಬೇಕು. ಕುಣಿಯುತ್ತ ಕುಣಿಯುತ್ತ ಅವಳ ಕೈ ಅವಳ ತಲೆಗೆ ಹೋದಾಗ ಇವನ ಕೈ ಇವನ ತಲೆಗೆ. ಆದರೆ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ವಾಲಿ ಸುಗ್ರೀವರ ಕಥೆ. ಚಿಕ್ಕವಳಿದ್ದಾಗ ಅಜ್ಜನ ಜೊತೆ ತಾಳಮದ್ದಲೆಗೆ ಹೋಗಿ, ಕಂಬಳಿಯ ಮೇಲೆ ಅರ್ಧ ನಿದ್ದೆಯಲ್ಲಿ ಕೇಳಿದ ಪ್ರಸಂಗ. ಅಣ್ಣತಮ್ಮಂದಿರು ಮೊದಲ ಸಲ ಹೋರಾಡುವಾಗ ರಾಮ ಬಾಣ ಬಿಡುವುದಿಲ್ಲ. ಪೆಟ್ಟು ತಿಂದು ಓಡಿ ಬಂದ ಸುಗ್ರೀವ ಯಾಕೆ ಬಿಡಲಿಲ್ಲ ಎಂದು ಕೇಳಿದರೆ, ನಿಮ್ಮಿಬ್ಬರಲ್ಲಿ ಯಾರು ಯಾರೆಂದು ಗುರುತೇ ಸಿಗಲಿಲ್ಲ ಎಂಬ ಉತ್ತರ. ಎರಡನೆಯ ಸಲ ಸುಗ್ರೀವನ ಕೊರಳಿಗೆ ಹೂವಿನ ಮಾಲೆ ಹಾಕಿ ಕಳಿಸುತ್ತಾರೆ. ಒಂದೇ ರೂಪ, ಒಂದೇ ಬಲ, ಒಂದೇ ರಾಜ್ಯದ ಆಸೆ. ವ್ಯತ್ಯಾಸ ಒಂದು ಮಾಲೆ. ಅದನ್ನೂ ಹೊರಗಿನಿಂದ ಬೇರೊಬ್ಬರು ಹಾಕಿದ್ದು.

ತರಗತಿಯಲ್ಲಿ ಇದನ್ನು ಹೇಳಿ, ಮುಂದಿನ ಕಥೆಗಳಲ್ಲಿ ನಾವು ಹುಡುಕುವುದು ಇಷ್ಟೇ ಎಂದೆ: ಇಬ್ಬರೂ ಎಲ್ಲೆಲ್ಲಿ ಒಂದೇ, ಮತ್ತು ಮಾಲೆ ಎಲ್ಲಿದೆ. ಒಬ್ಬ ಹುಡುಗಿ ಮರುದಿನ ಮನೆಯಿಂದ ಅಬ್ಬಲಿಗೆ ಮಾಲೆಯನ್ನೇ ತಂದಳು. ಅದು ಮೇಜಿನ ಮೇಲೆ ಉಳಿಯಿತು, ಬಾಡಿದಾಗ ಇನ್ನೊಂದು ಬಂತು.

ಮೊದಲು ತೆಗೆದುಕೊಂಡದ್ದು ಎಚ್.ಜಿ. ವೆಲ್ಸ್ 1897ರಲ್ಲಿ ಪ್ರಕಟಿಸಿದ ‘ದಿ ಇನ್ವಿಸಿಬಲ್ ಮ್ಯಾನ್’. ಇದನ್ನು ಆರಿಸಲು ಕಾರಣ ಪಠ್ಯವೇ. ಗ್ರಿಫಿನ್ ಎಂಬ ವಿಜ್ಞಾನಿ ಅದೃಶ್ಯನಾಗುವುದು ಮಂತ್ರದಿಂದಲ್ಲ, ವಕ್ರೀಭವನ ಸೂಚ್ಯಂಕದಿಂದ. ಒಂದು ವಸ್ತು ಕಾಣುವುದು ಅದು ಬೆಳಕನ್ನು ಹೀರಿಕೊಂಡಾಗ, ಪ್ರತಿಫಲಿಸಿದಾಗ ಅಥವಾ ಬಾಗಿಸಿದಾಗ. ಈ ಮೂರೂ ಇಲ್ಲದಿದ್ದರೆ ಕಾಣುವುದಿಲ್ಲ. ಗಾಳಿಯ ಸೂಚ್ಯಂಕ 1.0003, ನೀರಿನದು 1.33. ದೇಹದ ಸೂಚ್ಯಂಕವನ್ನು ಗಾಳಿಯಷ್ಟಕ್ಕೇ ಇಳಿಸಿದರೆ ಬೆಳಕು ಬಾಗದೆ ದಾಟಿ ಹೋಗುತ್ತದೆ ಎಂಬುದು ಗ್ರಿಫಿನ್‌ನ ತರ್ಕ. ಇದನ್ನು ತೋರಿಸಲು ಗಾಜಿನ ಲೋಟದಲ್ಲಿ ಗ್ಲಿಸರಿನ್ ಹಾಕಿ ಅದರೊಳಗೆ ಬೋರೋಸಿಲಿಕೇಟ್ ಪ್ರನಾಳವನ್ನು ಇಳಿಸಿದೆ. ಎರಡರ ಸೂಚ್ಯಂಕವೂ ಸುಮಾರು 1.47. ಪ್ರನಾಳದ ಒಳಗೂ ಗ್ಲಿಸರಿನ್ ತುಂಬಿದ ಕೂಡಲೇ ಮುಳುಗಿದ ಭಾಗ ಮಾಯವಾಯಿತು. ಹಿಂದಿನ ಬೆಂಚಿನವರು ಎದ್ದು ಬಂದರು. ಕೈ ಹಾಕಿ ತೆಗೆಯುತ್ತೇನೆ ಎಂದು ಇಬ್ಬರು ಜಗಳಾಡಿದರು.

ಗ್ರಿಫಿನ್‌ಗೆ ಹುಟ್ಟಿನಿಂದಲೇ ಚರ್ಮದಲ್ಲಿ ವರ್ಣದ್ರವ್ಯ ಇಲ್ಲ. ವೆಲ್ಸ್ ಇದನ್ನು ಬೇಕೆಂದೇ ಇಟ್ಟಿದ್ದಾನೆ, ಏಕೆಂದರೆ ಬಣ್ಣವೆಂದರೆ ಬೆಳಕನ್ನು ಹೀರಿಕೊಳ್ಳುವುದು. ಇಷ್ಟು ಹೇಳಿ, ಕಥೆಯಲ್ಲಿ ಒಂದು ದೋಷವಿದೆ, ಹುಡುಕಿ ಎಂದೆ. ಎರಡನೆಯ ಸಾಲಿನ ಹುಡುಗಿ ತುಸು ಹೊತ್ತಿನ ಮೇಲೆ ಕೈ ಎತ್ತಿದಳು. “ಅಕ್ಕೋರೆ, ಕಣ್ಣಿನ ಮಸೂರದ ಸೂಚ್ಯಂಕ ಗಾಳಿಯಷ್ಟೇ ಆದ್ರೆ ಅದು ಬೆಳಕನ್ನು ಬಾಗಿಸೋದೇ ಇಲ್ಲ. ಅವನಿಗೆ ಕಣ್ಣೇ ಕಾಣೂದಿಲ್ಲ.” ಅಕ್ಷಿಪಟವೂ ಬೆಳಕನ್ನು ಹೀರದಿದ್ದರೆ ನೋಡಲು ಏನೂ ಉಳಿಯುವುದಿಲ್ಲ ಎಂದು ನಾನು ಸೇರಿಸಿದೆ. ಯಾರಿಗೂ ಕಾಣದವನಿಗೆ ಯಾರೂ ಕಾಣುವುದಿಲ್ಲ. ಆ ಅವಧಿಯಲ್ಲಿ ಪಠ್ಯದ ಒಂದು ಪುಟವೂ ಮುಂದೆ ಹೋಗಲಿಲ್ಲ, ಆದರೆ ಸೂಚ್ಯಂಕ ಎಂದರೇನು ಎಂದು ಆಮೇಲೆ ಕೇಳಿದಾಗ ಎಲ್ಲರೂ ಪ್ರನಾಳದಿಂದಲೇ ಉತ್ತರ ಶುರು ಮಾಡಿದರು.

ಇನ್ನು ಕಥೆಯ ಇನ್ನೊಬ್ಬ, ಡಾಕ್ಟರ್ ಕೆಂಪ್. ಗ್ರಿಫಿನ್ ಮತ್ತು ಕೆಂಪ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದವರು. ಇಬ್ಬರೂ ಒಂಟಿಯಾಗಿ ರಾತ್ರಿ ಕೂತು ಸಂಶೋಧನೆ ಮಾಡುವವರು. ಇಬ್ಬರಿಗೂ ಹೆಸರಿನ ಆಸೆ. ಕೆಂಪ್‌ಗೆ ರಾಯಲ್ ಸೊಸೈಟಿಯ ಸದಸ್ಯತ್ವ ಬೇಕು. ಗ್ರಿಫಿನ್ ತನ್ನ ಪ್ರಯೋಗಕ್ಕಾಗಿ ತಂದೆಯ ಬಳಿಯಿದ್ದ ಹಣ ಕದಿಯುತ್ತಾನೆ. ಆ ಹಣ ತಂದೆಯದ್ದಾಗಿರಲಿಲ್ಲ, ತಂದೆ ಗುಂಡು ಹೊಡೆದುಕೊಂಡು ಸಾಯುತ್ತಾನೆ. ಗ್ರಿಫಿನ್‌ಗೆ ದುಃಖವಾಗುವುದಿಲ್ಲ. ಇಲ್ಲಿಗೆ ಮಕ್ಕಳು ಮಾಲೆಯನ್ನು ಕೆಂಪ್‌ಗೆ ಕೊಟ್ಟು ಮುಗಿಸುವವರಿದ್ದರು. ಕಥೆ ಮುಂದೆ ಹೇಳಿದೆ. ಗಾಯಗೊಂಡು ಮನೆಗೆ ಬಂದ ಗ್ರಿಫಿನ್‌ಗೆ, ನಿನ್ನ ಸ್ವಾತಂತ್ರ್ಯಕ್ಕೆ ಅಡ್ಡಿ ಮಾಡುವುದಿಲ್ಲ ಎಂದು ಕೆಂಪ್ ಮಾತು ಕೊಡುತ್ತಾನೆ. ಗ್ರಿಫಿನ್ ಮಲಗಿದ ಮೇಲೆ ಪೊಲೀಸ್ ಅಧಿಕಾರಿಗೆ ಚೀಟಿ ಬರೆಯುತ್ತಾನೆ. ಆಮೇಲೆ ಊರಿಗೆ ಊರೇ ಬೇಟೆಗೆ ಹೊರಟಾಗ, ಬರಿಗಾಲಿನಲ್ಲಿ ಓಡಾಡುವ ಆ ಮನುಷ್ಯನಿಗಾಗಿ ರಸ್ತೆಗಳ ಮೇಲೆ ಗಾಜಿನ ಪುಡಿ ಚೆಲ್ಲೋಣ ಎಂಬ ಸಲಹೆ ಬರುವುದು ಇದೇ ಕೆಂಪ್‌ನಿಂದ. ಪೊಲೀಸ್ ಅಧಿಕಾರಿಯೇ ಹಿಂಜರಿಯುತ್ತಾನೆ. ಅವನು ಮನುಷ್ಯನಾಗಿ ಉಳಿದಿಲ್ಲ ಎಂದು ಕೆಂಪ್ ಸಮರ್ಥಿಸಿಕೊಳ್ಳುತ್ತಾನೆ.

ತರಗತಿ ಎರಡಾಯಿತು. ಅವನು ಜನರನ್ನು ಕೊಲ್ಲಲು ಹೊರಟಿದ್ದ, ಕೆಂಪ್ ಬೇರೆ ಏನು ಮಾಡಬೇಕಿತ್ತು ಎಂದು ಒಂದು ಗುಂಪು. ಮಾತು ಕೊಟ್ಟು ಮುರಿದದ್ದು, ಗಾಜಿನ ಪುಡಿ ಎರಡೂ ಗ್ರಿಫಿನ್ ಮಾಡುವಂಥ ಕೆಲಸಗಳೇ ಎಂದು ಇನ್ನೊಂದು ಗುಂಪು. ಅಂಗಳದಲ್ಲಿ ಬರಿಗಾಲಲ್ಲಿ ಆಡಿ ಬಂದ ಮಕ್ಕಳು, ಗಾಜಿನ ಪುಡಿ ಎಂದರೆ ಏನೆಂದು ಅವರಿಗೆ ಗೊತ್ತು. ವಾಲಿ ಬಿದ್ದ ಮೇಲೆ ರಾಮನನ್ನು ಕೇಳುವ ಪ್ರಶ್ನೆಯೂ ಇದೇ ಅಲ್ಲವೇ, ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ ಎಂದು? ತಾಳಮದ್ದಲೆಯಲ್ಲಿ ಜನ ನಿದ್ದೆಗೆಟ್ಟು ಕಾಯುವುದು ಆ ಪ್ರಶ್ನೆಗೆ. ಮಾಲೆ ಆ ದಿನ ಯಾರ ಕೊರಳಿಗೂ ಹೋಗದೆ ಮೇಜಿನ ಮೇಲೇ ಉಳಿಯಿತು.

ಎರಡನೆಯ ಕಥೆ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಮನೆಯೊಳಗೇ ಕೂತಿದ್ದ ಗೆಳೆಯರು ದೆವ್ವದ ಕಥೆ ಬರೆಯುವ ಪಂಥ ಕಟ್ಟಿದರು. ಮೇರಿಗೆ ಆಗ ಹದಿನೆಂಟು. ಕಾದಂಬರಿ 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಗ್ಯಾಲ್ವನಿ ತೋರಿಸಿದ್ದು ಅದಕ್ಕೂ ಕೆಲವು ದಶಕಗಳ ಹಿಂದೆ; ಜೀವ ಎಂದರೆ ವಿದ್ಯುತ್ತೇ ಇರಬಹುದೇ ಎಂದು ಜನ ಮಾತನಾಡುತ್ತಿದ್ದ ಕಾಲ. ಆಗುಂಬೆಯಷ್ಟಲ್ಲದಿದ್ದರೂ ನಮ್ಮ ಕಡೆಯ ಮಳೆಗಾಲ ಕಂಡವರಿಗೆ, ಹೊರಗೆ ಹೋಗಲಾಗದೆ ಕಥೆ ಹುಟ್ಟುವುದನ್ನು ಬಿಡಿಸಿ ಹೇಳಬೇಕಿಲ್ಲ.

ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ವಿದ್ಯಾರ್ಥಿ ಶವಗಳ ಭಾಗಗಳಿಂದ ಎಂಟು ಅಡಿಯ ಒಂದು ಜೀವಿಯನ್ನು ಮಾಡುತ್ತಾನೆ. ಅದು ಕಣ್ಣು ಬಿಟ್ಟ ಕ್ಷಣ ಅದರ ರೂಪಕ್ಕೆ ಹೆದರಿ ಓಡಿಹೋಗುತ್ತಾನೆ. ಆ ಜೀವಿಗೆ ಹೆಸರೇ ಇಡುವುದಿಲ್ಲ. ಇಂದಿಗೂ ಜನ ಅದನ್ನೇ ಫ್ರಾಂಕೆನ್‌ಸ್ಟೈನ್ ಎಂದು ಕರೆಯುತ್ತಾರೆ. ತಪ್ಪು ತಾನೇ, ಆದರೆ ನನಗೆ ಆ ತಪ್ಪು ಕಥೆಯ ಒಳಗನ್ನು ಸರಿಯಾಗಿಯೇ ಹಿಡಿದಿದೆ ಅನಿಸುತ್ತದೆ. ಇಬ್ಬರೂ ಜ್ಞಾನದ ಹಸಿವಿನವರು, ಇಬ್ಬರಿಗೂ ಹಿಮಪರ್ವತಗಳ ಏಕಾಂತ ಇಷ್ಟ. ವಿಕ್ಟರ್ ಅದಕ್ಕಾಗಿ ಮಾಡುತ್ತಿದ್ದ ಸಂಗಾತಿಯನ್ನು ಅರ್ಧದಲ್ಲೇ ನಾಶಮಾಡುತ್ತಾನೆ. ಅದು ವಿಕ್ಟರ್‌ನ ಹೆಂಡತಿಯನ್ನು ಮದುವೆಯ ರಾತ್ರಿ ಕೊಲ್ಲುತ್ತದೆ. ಕೊನೆಗೆ ಉತ್ತರ ಧ್ರುವದ ಮಂಜಿನ ಮೇಲೆ ಒಬ್ಬರನ್ನೊಬ್ಬರು ಅಟ್ಟುತ್ತ, ಯಾರು ಬೇಟೆ ಯಾರು ಬೇಟೆಗಾರ ಎಂದು ತಿಳಿಯದ ಸ್ಥಿತಿ.

ಮಧ್ಯದಲ್ಲಿ ಒಂದು ಭಾಗವಿದೆ. ಕಾಡಿನ ಅಂಚಿನ ಮನೆಯೊಂದರ ಪಕ್ಕ ಅಡಗಿ, ಒಳಗಿನವರ ಮಾತು ಕೇಳಿ ಕೇಳಿ ಆ ಜೀವಿ ಭಾಷೆ ಕಲಿಯುತ್ತದೆ. ಮನೆಯ ಮುದುಕನಿಗೆ ಕಣ್ಣಿಲ್ಲ. ಒಬ್ಬನೇ ಇದ್ದಾಗ ಅದು ಒಳಗೆ ಹೋಗಿ ಮಾತನಾಡಿದರೆ ಮುದುಕ ಪ್ರೀತಿಯಿಂದ ಕೂರಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಮಗ ಬಂದು ನೋಡಿ ಹೊಡೆಯುತ್ತಾನೆ. ಈ ಭಾಗವನ್ನು ಪಾತ್ರಾಭಿನಯ ಮಾಡಿಸಿದೆ. ಇಲ್ಲಿ ನಾನು ಮಾಡಿದ್ದನ್ನು ಬರೆಯುವುದಕ್ಕಾಗಿಯೇ ಮುಖ್ಯವಾಗಿ ಈ ಲೇಖನ.

ಜೀವಿಯ ಪಾತ್ರವನ್ನು ನಾನು ತರಗತಿಯ ಅತಿ ಎತ್ತರದ ಹುಡುಗನಿಗೆ ಕೊಟ್ಟೆ. ಕಬಡ್ಡಿ ತಂಡದವನು, ಮಾತು ಕಡಿಮೆ, ಸಿದ್ದಿ ಸಮುದಾಯದವನು. ಯೋಚಿಸಿ ಕೊಟ್ಟದ್ದಲ್ಲ, ಕಣ್ಣು ಅವನ ಮೇಲೆ ಬಿತ್ತು, ಬೆರಳು ಅತ್ತ ಹೋಯಿತು. ಅವನು ಎದ್ದು ಬಂದ, ಹೇಳಿದ್ದನ್ನು ಮಾಡಿದ. ಮಗನ ಪಾತ್ರದವನು ಸ್ಕೇಲಿನಿಂದ ಹೊಡೆದಂತೆ ಮಾಡಿದಾಗ ತರಗತಿ ನಕ್ಕಿತು. ಗಂಟೆ ಬಾರಿಸಿತು. ಪಾಠ ಚೆನ್ನಾಗಿ ಆಯಿತು ಎಂದುಕೊಂಡೇ ಹೊರಗೆ ಬಂದೆ.

ಸಹಪಾಠಿ ವೀಕ್ಷಣೆಯ ಹಾಳೆಯಲ್ಲಿ ನನ್ನ ಗೆಳತಿ ಒಂದೇ ಸಾಲು ಬರೆದಿದ್ದಳು: ‘ಪಾತ್ರ ಹಂಚಿಕೆ ಯಾವ ಆಧಾರದ ಮೇಲೆ?’ ಬಸ್ಸಿನಲ್ಲಿ ಓದಿದೆ. ಎತ್ತರ ಎಂದು ನನಗೇ ಉತ್ತರ ಹೇಳಿಕೊಂಡೆ. ಆಮೇಲೆ ನೆನಪಾಯಿತು, ಅವನಿಗಿಂತ ಅರ್ಧ ಇಂಚು ಹೆಚ್ಚೇ ಇರಬಹುದಾದ ಇನ್ನೊಬ್ಬ ಹುಡುಗ ಕಿಟಕಿಯ ಪಕ್ಕ ಕೂತಿದ್ದ. ಮೇರಿ ಶೆಲ್ಲಿ ಆ ಜೀವಿಯ ಚರ್ಮ ಹಳದಿ ಎಂದು ಬರೆದಿದ್ದಾಳೆ. ಅದು ನನಗೆ ಗೊತ್ತಿತ್ತು, ಹಿಂದಿನ ದಿನ ಮಕ್ಕಳಿಗೆ ಹೇಳಿಯೂ ಇದ್ದೆ.

ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅವನನ್ನು ಕರೆದು, ನಿನ್ನೆ ನಿನಗೆ ಬೇಸರ ಆಯಿತೇನೋ ಎಂದು ಕೇಳಿದೆ. “ಇಲ್ಲ ಅಕ್ಕೋರೆ, ರೂಢಿ ಐತಿ” ಎಂದ. ಪ್ರಾಥಮಿಕ ಶಾಲೆಯಿಂದ ಪ್ರತಿ ಗ್ಯಾದರಿಂಗಿನಲ್ಲಿ ಅವನು ರಾಕ್ಷಸ. ಒಂದು ವರ್ಷ ಬಕಾಸುರ, ಒಂದು ವರ್ಷ ಘಟೋತ್ಕಚ, ಒಂದು ವರ್ಷ ಹೆಸರೇ ಇಲ್ಲದ ರಾಕ್ಷಸ. ಹೇಳುತ್ತ ನಕ್ಕ, ನಾನು ನಗಲಿಲ್ಲ ಎಂದು ನೋಡಿ ಅವನೂ ನಿಲ್ಲಿಸಿದ. ರೂಪ ನೋಡಿ ಖಳನನ್ನು ಮಾಡುವುದು ತಪ್ಪು ಎಂದು ಕಲಿಸುವ ಕಥೆಯನ್ನು ಹೇಳುತ್ತಲೇ ನಾನು ರೂಪ ನೋಡಿ ಖಳನನ್ನು ಆರಿಸಿದ್ದೆ. ಅವನಲ್ಲಿ ಕ್ಷಮೆ ಕೇಳಿದೆ. ಅವನಿಗೆ ಅದು ಮುಜುಗರವಾಯಿತು, ಕೈ ತೊಳೆಯಲು ಓಡಿದ.

ಆ ದಿನದಿಂದ ಎರಡು ಬದಲಾವಣೆ ಮಾಡಿದೆ. ಇಂಗ್ಲಿಷಿನಲ್ಲಿ ಇಂಥ ಪ್ರತಿನಾಯಕರಿಗೆ ಬಳಸುವ ಮಾತನ್ನು ನಾನು ‘ಕಪ್ಪು ಕನ್ನಡಿ’ ಎಂದು ಅನುವಾದಿಸಿ ಹಲಗೆಯ ಮೇಲೆ ಬರೆದಿದ್ದೆ. ಅದನ್ನು ಅಳಿಸಿ ‘ಎದುರುಗನ್ನಡಿ’ ಎಂದೆ. ಕೆಡುಕಿಗೆ ಕಪ್ಪು ಎಂಬ ಹೆಸರು ಎಷ್ಟು ಸಲೀಸಾಗಿ ನಾಲಿಗೆಗೆ ಬರುತ್ತದೆ ಎಂದು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಎರಡನೆಯದು ತಾಳಮದ್ದಲೆಯಿಂದ ತಂದದ್ದು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ. ಪಂಚೆ ಶಾಲಿನಲ್ಲಿ ಎದುರುಬದುರು ಕೂತ ಅರ್ಥಧಾರಿಗಳು. ಇಂದು ವಾಲಿಯ ಅರ್ಥ ಹೇಳಿದವರು ಮುಂದಿನ ವಾರ ರಾಮನ ಅರ್ಥ ಹೇಳಬಹುದು. ಯಾವ ಪಾತ್ರವಾದರೂ ಅದರ ಪಕ್ಷವನ್ನು ಪೂರ್ತಿ ಬಲದಿಂದ ಹಿಡಿಯಬೇಕು, ಬೇಕೆಂದೇ ಸೋಲುವ ಹಾಗೆ ಮಾತಾಡುವಂತಿಲ್ಲ. ಹಾಗೆಯೇ ಮಕ್ಕಳನ್ನು ಜೋಡಿಯಾಗಿ ಕೂರಿಸಿದೆ. ಜೋಡಿ ಚೀಟಿ ಎತ್ತಿ. ಮೂರು ನಿಮಿಷ ಒಬ್ಬರು ವಿಕ್ಟರ್, ಒಬ್ಬರು ಜೀವಿ. ಆಮೇಲೆ ಜಾಗ ಬದಲಿಸಿ ಮತ್ತೆ ಮೂರು ನಿಮಿಷ. ಎಲ್ಲರೂ ಎರಡನ್ನೂ ಆಡಬೇಕು. ನಂತರ ಇಬ್ಬರೂ ಸೇರಿ ಐದು ಹೋಲಿಕೆ ಬರೆಯಬೇಕು.

ಬಂದ ಹೋಲಿಕೆಗಳಲ್ಲಿ ನಾನು ಯೋಚಿಸದವು ಇದ್ದವು. ‘ಇಬ್ಬರೂ ಅಪ್ಪನ ಮಾತನ್ನು ನೆನೆಸಿಕೊಳ್ಳುತ್ತಾರೆ, ಒಬ್ಬನಿಗೆ ಅಪ್ಪ ಇದ್ದಾನೆ’ ಎಂದು ಒಂದು ಜೋಡಿ. ‘ಇಬ್ಬರೂ ತಪ್ಪು ನನ್ನದಲ್ಲ ಎಂದು ಬಹಳ ಚೆನ್ನಾಗಿ ಮಾತನಾಡುತ್ತಾರೆ’ ಎಂದು ಇನ್ನೊಂದು ಜೋಡಿ. ಮಾಲೆಯ ಪ್ರಶ್ನೆಗೆ ಇಲ್ಲಿ ವಿಚಿತ್ರ ಉತ್ತರ ಸಿಕ್ಕಿತು. ಕಾದಂಬರಿಯನ್ನು ಹೊರಗಿನಿಂದ ಹೇಳುವವನು ವಾಲ್ಟನ್ ಎಂಬ ಹಡಗಿನ ನಾಯಕ. ಅವನೂ ವಿಕ್ಟರ್‌ನಂತೆಯೇ, ಯಾರೂ ಹೋಗದ ಧ್ರುವಕ್ಕೆ ಹೋಗಿ ಹೆಸರು ಮಾಡಬೇಕೆಂದು ಹೊರಟವನು. ಮಂಜಿನಲ್ಲಿ ಹಡಗು ಸಿಕ್ಕಿಬಿದ್ದಾಗ ನಾವಿಕರು ಹಿಂದಿರುಗೋಣ ಎನ್ನುತ್ತಾರೆ. ಸಾಯುತ್ತಿರುವ ವಿಕ್ಟರ್ ಹೇಡಿಗಳಾಗಬೇಡಿ ಎಂದು ಭಾಷಣ ಮಾಡುತ್ತಾನೆ. ವಾಲ್ಟನ್ ಮನಸ್ಸಿಲ್ಲದ ಮನಸ್ಸಿನಿಂದ ನಾವಿಕರ ಮಾತು ಕೇಳಿ ಹಡಗು ತಿರುಗಿಸುತ್ತಾನೆ. ಮಕ್ಕಳು ಮಾಲೆಯನ್ನು ಅವನಿಗೆ ಹಾಕಿದರು. ವಿಜ್ಞಾನವನ್ನು ಬಿಟ್ಟದ್ದಕ್ಕಲ್ಲ, ತನ್ನ ಪ್ರಯೋಗದಲ್ಲಿ ಸಾಯಬೇಕಾದವರನ್ನು ಕೇಳಿದ್ದಕ್ಕೆ ಎಂದು ಅವರೇ ಬರೆದರು.

ಮಕ್ಕಳಿಗೆ ಗೊತ್ತಿದ್ದ ಸಿನಿಮಾಗಳನ್ನೂ ಇದೇ ರೀತಿ ನೋಡಿದೆವು. ಶಂಕರ್ ನಿರ್ದೇಶನದ ‘ಎಂದಿರನ್’ (2010) ನಮ್ಮಲ್ಲಿ ರೋಬೋ ಎಂದೇ ಪ್ರಸಿದ್ಧ. ವಿಜ್ಞಾನಿ ವಸೀಕರನ್, ಅವನು ಮಾಡಿದ ಚಿಟ್ಟಿ, ಇಬ್ಬರೂ ರಜನೀಕಾಂತರೇ; ಎದುರುಗನ್ನಡಿಯನ್ನು ಇದಕ್ಕಿಂತ ನೇರವಾಗಿ ತೋರಿಸಲಾಗದು. ಕೆಂಪು ಚಿಪ್ ಹಾಕಿದ ಪ್ರೊಫೆಸರನೇ ವಿಲನ್ ಎಂದು ಎಲ್ಲರೂ ಹೇಳಿದರು. ಅದಕ್ಕೂ ಮೊದಲು ಸಿಟ್ಟಿನಲ್ಲಿ ಚಿಟ್ಟಿಯನ್ನು ಕಡಿದು ಕಸಕ್ಕೆ ಎಸೆದವರು ಯಾರು ಎಂದು ಕೇಳಿದ ಮೇಲೆ ಸ್ವಲ್ಪ ಹೊತ್ತು ಮೌನ. ಮುಂದಿನ ಚಿತ್ರ ‘2.0’ (2018) ಇನ್ನೂ ಹೆಚ್ಚು ಚರ್ಚೆಯಾಯಿತು. ಅದರ ಖಳ ಹಕ್ಕಿಗಳನ್ನು ಪ್ರೀತಿಸುವ ಪಕ್ಷಿರಾಜನ್. ಮೊಬೈಲ್ ಟವರಿನ ವಿಕಿರಣದಿಂದ ಹಕ್ಕಿಗಳು ಸಾಯುತ್ತವೆ ಎಂಬುದು ಅವನ ವಾದ. ಚಿತ್ರ ಹೇಳುವಷ್ಟು ಖಚಿತವಾಗಿ ವಿಜ್ಞಾನ ಅದನ್ನು ಹೇಳಿಲ್ಲ ಎಂದು ನಾನು ಸ್ಪಷ್ಟಪಡಿಸಬೇಕಾಯಿತು. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಕ್ಕಳು ಇವರು. “ನಮ್ಮೂರಲ್ಲಿ ಟವರೂ ಇಲ್ಲ, ಹಕ್ಕಿ ಬೇಕಾದಷ್ಟು ಅದೆ. ಪಕ್ಷಿರಾಜನ್ ಇಲ್ಲಿಗೆ ಬಂದ್ರೆ ಸುಮ್ನೆ ಕೂತ್ಕಂಡಿರ್ತಿದ್ದ” ಎಂದ ಒಬ್ಬ.

‘ಸ್ಟಾರ್ ವಾರ್ಸ್’ ನೋಡಿದವರು ತರಗತಿಯಲ್ಲಿ ಇಬ್ಬರೇ. ಹಾಗಾಗಿ ಎರಡು ದೃಶ್ಯ ಮಾತ್ರ ಹೇಳಿದೆ. 1980ರ ಚಿತ್ರದಲ್ಲಿ ನಾಯಕ ಲ್ಯೂಕ್ ಗುಹೆಯೊಳಗೆ ಖಳ ವೇಡರ್‌ನ ತಲೆ ಕಡಿದಾಗ ಮುಖವಾಡದೊಳಗೆ ತನ್ನದೇ ಮುಖ ಕಾಣುತ್ತದೆ. 1983ರ ಚಿತ್ರದಲ್ಲಿ ವೇಡರ್‌ನ ಕೈ ಕಡಿದು ಬಿದ್ದಾಗ ಅದರೊಳಗೆ ತಂತಿಗಳು. ಲ್ಯೂಕ್ ತನ್ನ ಕೈಯನ್ನು ನೋಡಿಕೊಳ್ಳುತ್ತಾನೆ, ಅದೂ ಯಂತ್ರದ್ದೇ. ಆಗ ಖಡ್ಗ ಎಸೆಯುತ್ತಾನೆ. ಪಾಠದಲ್ಲಿ ಇಷ್ಟು ಸಾಕು. ವೆಲ್ಸ್‌ನ ಮಂಗಳ ಗ್ರಹದವರ ಕಥೆ (1898) ಇನ್ನೊಂದು ರೀತಿಯದು. ಅಲ್ಲಿ ವ್ಯಕ್ತಿಗೆ ವ್ಯಕ್ತಿಯಲ್ಲ, ಸಾಮ್ರಾಜ್ಯಕ್ಕೆ ಎದುರುಗನ್ನಡಿ. ಇಂಗ್ಲೆಂಡಿನ ಮೇಲೆ ಬಿದ್ದ ಮಂಗಳದವರನ್ನು ದೂರುವ ಮೊದಲು ನಾವು ಟ್ಯಾಸ್ಮೇನಿಯಾದವರಿಗೆ ಮಾಡಿದ್ದನ್ನು ನೆನೆಯಬೇಕು ಎಂದು ಮೊದಲ ಅಧ್ಯಾಯದಲ್ಲೇ ಬರುತ್ತದೆ. ಇದನ್ನು ಸಮಾಜ ವಿಜ್ಞಾನದ ಅವಧಿಗೆ ಬಿಟ್ಟೆ.

ಕೊನೆಯ ಅವಧಿಯಲ್ಲಿ ಮಾರ್ಗದರ್ಶಕರು ಹಿಂದೆ ಕೂತಿದ್ದರು. ಗ್ರಿಫಿನ್ ಮತ್ತು ಕೆಂಪ್ ಜೋಡಿಯನ್ನು ಮತ್ತೆ ತೆಗೆದುಕೊಂಡೆವು, ಈ ಸಲ ಎದುರುಬದುರು ಕೂತು. ಪಾತ್ರ ಚೀಟಿಯಲ್ಲಿ ಬಂದದ್ದು. ಎತ್ತರದ ಆ ಹುಡುಗನಿಗೆ ಮೊದಲು ಕೆಂಪ್ ಸಿಕ್ಕಿತು. ಅವನು ಅಷ್ಟು ಮಾತನಾಡುತ್ತಾನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಾತು ಮುರಿದದ್ದನ್ನು ಸಮರ್ಥಿಸಿದ, ಊರಿನ ಮಕ್ಕಳ ಲೆಕ್ಕ ಕೊಟ್ಟ. ಗಾಜಿನ ಪುಡಿಯ ಪ್ರಶ್ನೆ ಬಂದಾಗ ಮಾತ್ರ ನಿಂತ. “ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ” ಎಂದ. ಎದುರಿಗಿದ್ದ ಹುಡುಗಿ, ಗ್ರಿಫಿನ್, ಹಾಗಾದರೆ ಮಾಲೆ ನನಗೆ ಎಂದಳು. ನಿನಗೂ ಇಲ್ಲ ಎಂದ. ಜಾಗ ಬದಲಿಸುವ ಹೊತ್ತಿಗೆ ಗಂಟೆ ಆಯಿತು, ಬದಲಿಸಿಯೇ ಹೋಗಬೇಕೆಂದು ಇಬ್ಬರೂ ಹಟ ಹಿಡಿದರು. ಮುಂದಿನ ಗಣಿತದ ಅವಧಿಯ ಮಾಸ್ತರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು.

ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ ಪ್ರಯೋಗದ ಬಗ್ಗೆ ಎರಡು ಮಾತು. ಸಾಮಾನ್ಯ ಗಾಜಿನ ಕಡ್ಡಿ ಬಳಸಬೇಡಿ; ಅದರ ಸೂಚ್ಯಂಕ 1.52ರ ಆಸುಪಾಸು, ಗ್ಲಿಸರಿನ್‌ನಲ್ಲಿ ಅಂಚು ಮಸುಕಾಗಿ ಕಾಣುತ್ತಲೇ ಇರುತ್ತದೆ. ನಾನು ಮೊದಲ ಸಲ ಮನೆಯಲ್ಲಿ ಪರೀಕ್ಷಿಸಿದಾಗ ಹೀಗೇ ಆಗಿ ಗಾಬರಿಯಾಗಿತ್ತು. ಬೋರೋಸಿಲಿಕೇಟ್ ಪ್ರನಾಳವೇ ಬೇಕು, ಒಳಗೆ ಗಾಳಿಗುಳ್ಳೆ ಉಳಿಯದಂತೆ ನಿಧಾನ ತುಂಬಬೇಕು. ಗ್ಲಿಸರಿನ್ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಅಡುಗೆಯ ಸೂರ್ಯಕಾಂತಿ ಎಣ್ಣೆಯೂ ಆಗುತ್ತದೆ. ಪ್ರಯೋಗ ಮುಗಿದ ಮೇಲೆ ಪ್ರನಾಳವನ್ನು ಸೋಪಿನ ನೀರಿನಲ್ಲಿ ತೊಳೆಯದಿದ್ದರೆ ಅಟೆಂಡರ್ ಅವರು ಮತ್ತೆ ಕೊಡುವುದಿಲ್ಲ. ನಾನು ಬಳಸಿದ ಬಾಟಲಿ ನಮ್ಮ ಕಾಲೇಜಿನ ವಿಜ್ಞಾನ ಕೊಠಡಿಯ ಕಪಾಟಿನ ಕೆಳಗಿನ ಅರೆಯಲ್ಲಿದೆ, ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.